ಕುಂಬುವಿಗೆ ಹೋದ ಮೂರು ದನ

ಕ್ವೀನ್ಸ್‌ಟೌನ್
ಮಾರ್ಚ್ 7, 2011

ಲುಬಬಾಲೊ,

ಈ ಕಾಗದದ ಜೊತೆ ಒಂದು ಫಾರಂ ಇಟ್ಟಿದೀನಿ. ಮೂರು ಕಡೆ ಪೆನ್ಸಿಲ್ಲಿನಲ್ಲಿ ಗುರುತು ಮಾಡಿದೀನಿ. ನಿಮ್ಮ ಕಾರ್ಲ್ಟನ್‌ವಿಲ್‌ನ ಮ್ಯಾಜಿಸ್ಟ್ರೇಟರ ಮುಂದೆ ಅಲ್ಲೆಲ್ಲಾ ಸಹಿ ಹಾಕಿ ವಾಪಸು ಕಳಿಸು.

ವಿಷಯ ಇಷ್ಟೇ. ನನಗೆ ಮದುವೆಯಾಗಿ ಎರಡು ವರ್ಷ ಆಯ್ತು. ನನ್ನ ಗಂಡ ಮೊನ್ವಾಬಿಸಿ ಅಸಾಂಡಾಳನ್ನ ದತ್ತು ತಗೋತಾರೆ. ಅವಳಿಗೆ ಅವರ ಮನೆತನದ ಹೆಸರು ಬರುತ್ತೆ, ಕಾನೂನಿನ ಪ್ರಕಾರ ಅವರೇ ಅಪ್ಪ ಆಗ್ತಾರೆ. ಅಲ್ಲಿಗೆ ಅವಳ ಮೇಲೆ ನಿನ್ನ ಹಕ್ಕು ಮುಗೀತು. ನಿನ್ನ ಮೇಲಿನ ಹೊಣೆಯೂ ಮುಗೀತು, ಕೋರ್ಟು ಹಾಕಿದ್ದ ಜೀವನಾಂಶ ಇನ್ನು ಮುಂದೆ ಕಟ್ಟೋದು ಬೇಡ. ಮೂರು ವರ್ಷದ ಬಾಕಿಯನ್ನೂ ನಾನು ಬಿಟ್ಟುಬಿಡ್ತೀನಿ. ಯೋಚನೆ ಮಾಡಿ ನೋಡು, ನಿನಗೇನೂ ನಷ್ಟ ಇಲ್ಲ.

ಸಹಿ ಹಾಕದಿದ್ರೆ ಕೆಲಸ ನಿಂತುಹೋಗುತ್ತೆ ಅಂದುಕೋಬೇಡ. ಮದುವೆಗೆ ಮೊದಲೇ ಬಸುರು ಮಾಡಿದ್ದಕ್ಕೆ ಪದ್ಧತಿಯಂತೆ ಹೆಣ್ಣಿನ ತವರಿಗೆ ದನ ಹೊಡೆದುಕೊಂಡು ಬಂದು ತಪ್ಪುಕಾಣಿಕೆ ಕಟ್ಟಲಿಲ್ಲ, ಮೇಲೆ ಮೂರು ವರ್ಷ ಮಗುವಿಗೆ ಕಾಸು ಬಿಚ್ಚಲಿಲ್ಲ, ಅಂಥವನ ಒಪ್ಪಿಗೆ ಕೋರ್ಟಿಗೆ ಬೇಕಾಗೇ ಇಲ್ಲ ಅಂತ ವಕೀಲರು ಹೇಳಿದಾರೆ. ಮೇ 26ಕ್ಕೆ ವಿಚಾರಣೆ. ಅವತ್ತು ನಾನು ಇದನ್ನೇ ಪ್ರಮಾಣ ಮಾಡಿ ಹೇಳ್ತೀನಿ. ಜಗಳವಿಲ್ಲದೆ ಮುಗೀಲಿ ಅಂತ ಮೊದಲೇ ಬರೀತಿದೀನಿ.

ಫೋನ್ ಮಾಡೋಕೆ ಹೋಗಬೇಡ, ನಂಬರು ಬದಲಾಯಿಸಿದೀನಿ.

ಫುನೇಕಾ


ಕಾರ್ಲ್ಟನ್‌ವಿಲ್
ಮಾರ್ಚ್ 19

ಮಾಜೊಲಾ,

ನೋಡು, ಇವತ್ತಿಗೂ ನಿಮ್ಮಪ್ಪನ ಕುಲದ ಹೆಸರು ಹಿಡಿದು ಮರ್ಯಾದೆಯಿಂದ ಕರೀತಿದೀನಿ. ನೀನೋ, ಸ್ಕೂಲಿನ ಹಾಜರಿ ಕೂಗಿದ ಹಾಗೆ ಬರೀ ಹೆಸರು ಬರೆದಿದೀಯ. ಇರಲಿ ಬಿಡು, ಟೀಚರಮ್ಮ ಅಲ್ವಾ.

ಸಹಿ ಹಾಕಲ್ಲ. ಫಾರಂ ಮಡಚಿ ಹಾಸಿಗೆ ಕೆಳಗೆ ಇಟ್ಟಿದೀನಿ, ಅಲ್ಲೇ ಬಿದ್ದಿರಲಿ.

ಕಾಸಿನ ಮಾತು ಒಪ್ತೀನಿ. ಗಣಿಯವರು ಪಾಳಿ ಕಡಿಮೆ ಮಾಡಿದಾರೆ, ಕೈ ಸ್ವಲ್ಪ ಬಿಗಿ ಇದೆ, ಸರಿಹೋಗುತ್ತೆ. ಆದರೆ ತಪ್ಪುಕಾಣಿಕೆ ಕಟ್ಟಿಲ್ಲ ಅಂತ ಬರೀತೀಯಲ್ಲ, ನಿನ್ನ ಕೈಯಾದ್ರೂ ಹೆಂಗೆ ಬಂತೇ? ಮೂರು ದನ! ಇಪ್ಪತ್ತೆರಡು ವರ್ಷದವನು ನಾನು ಆಗ. ಗಣಿಗಿಳಿದ ಮೊದಲ ವರ್ಷದ ಸಂಬಳವೆಲ್ಲಾ ಅದಕ್ಕೇ ಸುರಿದೆ. ಒಂದು ರೇಡಿಯೋ ಕೊಂಡವನಲ್ಲ, ಒಂದು ಒಳ್ಳೆ ಷರಟು ಹಾಕಿದವನಲ್ಲ. ನೀನು ಅದನ್ನ ಒಂದು ಸಾಲಲ್ಲಿ ಒರೆಸಿ ಹಾಕಿದೆಯಲ್ಲ.

ಆ ದನ ಕಟ್ಟಿದ ದಿನದಿಂದ ಅಸಾಂಡಾ ನನ್ನ ಮಗಳು ಅಂತ ನಾನು ನಂಬಿಕೊಂಡು ಬಂದಿದೀನಿ. ಗಣಿಯ ಆಳದಲ್ಲಿ ಕಲ್ಲು ಬಿದ್ದು ಎರಡು ದಿನ ಒಳಗೇ ಸಿಕ್ಕಿಹಾಕಿಕೊಂಡಿದ್ದಾಗ ಅದನ್ನೇ ಜಪ ಮಾಡ್ಕೊಂಡಿದ್ದೆ, ನಾನು ಸತ್ತರೂ ಒಂದು ಹುಡುಗಿ ನನ್ನ ಹೆಸರು ಹೇಳ್ಕೊಂಡು ಇರ್ತಾಳೆ ಅಂತ. ನಿಮ್ಮ ವಕೀಲರಿಗೆ ಇದನ್ನೂ ಹೇಳು.

ಅವಳು ಹೇಗಿದಾಳೆ ಅಂತ ಒಂದು ಸಾಲಾದ್ರೂ ಬರೀಬಾರದಾಗಿತ್ತಾ?

ಲುಬಬಾಲೊ


ಕ್ವೀನ್ಸ್‌ಟೌನ್
ಮಾರ್ಚ್ 28

ಲುಬಬಾಲೊ,

ನನ್ನನ್ನ ಮಾಜೊಲಾ ಅನ್ನಬೇಡ. ಇನ್ನೊಂದು ಸಲ ಹಾಗೆ ಬರೆದರೆ ಕಾಗದ ಬಿಚ್ಚದೆ ವಾಪಸು ಕಳಿಸ್ತೀನಿ.

ಪಾಳಿ ಕಡಿಮೆ ಮಾಡಿದಾರಂತೆ! ಯಾರ ಕಿವಿಗೆ ಹೂ ಇಡ್ತಿದೀಯ? ವಕೀಲರು ಗಣಿ ಕಚೇರಿಗೆ ಬರೆದು ಕೇಳಿದ್ರು. 2008ರಲ್ಲೇ ನಿನ್ನನ್ನ ಮನೆಗೆ ಕಳಿಸಿಯಾಗಿದೆ. ಸಂಬಳದಲ್ಲಿ ಕಡಿಯೋ ಜೀವನಾಂಶ ಅವತ್ತೇ ನಿಂತುಹೋಯ್ತು. ಮೂರು ವರ್ಷದಿಂದ ಏನು ಮಾಡ್ತಿದೀಯೋ, ಯಾರ ಜೊತೆ ಇದೀಯೋ, ನನಗೆ ಬೇಕಾಗಿಲ್ಲ. ಕೆಲಸ ಹೋಯ್ತು ಅಂತ ಒಂದು ಮಾತು ಹೇಳಿದ್ರೆ ಕೋರ್ಟಿಗೆ ಹೇಳಿ ಮೊತ್ತ ಇಳಿಸಬಹುದಿತ್ತು. ನೀನು ಬಾಯಿ ಮುಚ್ಚಿಕೊಂಡು ಕೂತೆ. ನಾನು ಶೂ ಬೇಕು ಅಂತ ಅಳೋ ಮಗುವಿಗೆ, ಅಪ್ಪ ಕಳಿಸ್ತಾರೆ ಕಣೇ, ಕಳಿಸ್ತಾರೆ ಕಣೇ ಅಂತ ಸುಳ್ಳು ಹೇಳಿ ಹೇಳಿ ಸಾಕಾದೆ.

ಈಗ ಮೂರು ದನದ ಕಥೆ ಬೇರೆ ಶುರು ಮಾಡಿದೀಯ. ಕಾಲಾ ಊರಲ್ಲಿ ನನ್ನ ಸಾಕಿದ ಸೋದರಮಾವ ತೆಂಬಿಲೆ ಇನ್ನೂ ಗಟ್ಟಿಮುಟ್ಟಾಗಿದಾರೆ. ಅವರನ್ನೇ ಕೇಳಿದೆ. "ದನವಾ? ಆ ಪೋಲಿಯಿಂದ ಒಂದು ಕೋಳಿಮೊಟ್ಟೆನೂ ಬರಲಿಲ್ಲ" ಅಂದ್ರು. ಅಸಾಂಡಾಗೆ ಒಂದು ವರ್ಷ ಆದಾಗ ನೀನು ಬಾಗಿಲಿಗೆ ಬಂದಿದ್ದು, ಅವರು ಕೋಲು ಹಿಡಿದು ಓಡಿಸಿದ್ದು ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ.

ಯಾವ ದನ? ಯಾರ ಕೊಟ್ಟಿಗೆಗೆ ಹೊಡೆದೆ? ಬಾಯಿಗೆ ಬಂದಿದ್ದು ಬರೀಬೇಡ, ಸರಿಯಾಗಿ ಹೇಳು.

ಅವಳು ಚೆನ್ನಾಗಿದಾಳೆ. ನಾಲ್ಕನೇ ಕ್ಲಾಸು. ಮಾತು ಜಾಸ್ತಿ.

ಫುನೇಕಾ


ಕಾರ್ಲ್ಟನ್‌ವಿಲ್
ಏಪ್ರಿಲ್ 6

ಫುನೇಕಾ,

ಆಯ್ತು, ಸಿಕ್ಕಿಬಿದ್ದೆ. ಕೆಲಸ ಹೋಗಿದ್ದು ನಿಜ. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಕುರಿತಲೆ ಸುಟ್ಟು ಮಾರ್ತೀನಿ. ನಿನಗೆ ಹೇಳೋಕೆ ನಾಚಿಕೆ ಆಯ್ತು. ಬಂಗಾರ ಅಗೆಯೋನು ಅಂತ ಮೆರೆದವನು ಈಗ ಹೊಗೆ ಕುಡ್ಕೊಂಡು ಕೂತಿದೀನಿ ಅಂತ ಹೆಂಗೆ ಬರೀಲಿ? ಇಂದಲ್ಲ ನಾಳೆ ಗಣಿ ತೆಗೀತಾರೆ, ಆಗ ಎಲ್ಲಾ ಒಟ್ಟಿಗೆ ಕಟ್ಟಿಬಿಡ್ತೀನಿ ಅಂದುಕೊಂಡೆ. ತೆಗೀಲಿಲ್ಲ. ಅವಳ ಶೂ ವಿಷಯ ಓದಿದ ಮೇಲೆ ಎರಡು ದಿನ ಅನ್ನ ಸೇರಲಿಲ್ಲ ನನಗೆ.

ಆದರೆ ದನದ ವಿಷಯದಲ್ಲಿ ನನ್ನನ್ನ ಸುಳ್ಳ ಅನ್ನಬೇಡ. ಬರ್ಕೋ. 2001, ಜೂನ್ ತಿಂಗಳು. ಒಂದು ಕೆಂದ ಹಸು, ಒಂದು ಕರೀ ಹಸು, ಹಣೆಯಲ್ಲಿ ಬಿಳಿ ಬೊಟ್ಟಿದ್ದ ಒಂದು ಕಡಸು. ನಮ್ಮ ದೊಡ್ಡಪ್ಪ ಸಂಡಿಲೆ, ಅವರ ಜೊತೆ ಇಬ್ಬರು ಹಿರಿಯರು. ನಾಲ್ಕು ದಿನ ನಡೆದುಕೊಂಡು ಹೋದ್ರು. ಗಂಡು ಮಾತಿಗೆ ಹೋಗಬಾರದು ಅನ್ನೋದು ಪದ್ಧತಿ, ಹಾಗಾಗಿ ನಾನು ಹೋಗಲಿಲ್ಲ. ಅವರು ಬಂದು, ಒಳ್ಳೆ ಜನ, ಕುರಿ ಕಡಿದು ಊಟ ಹಾಕಿದ್ರು, ದನ ಒಪ್ಪಿಸ್ಕೊಂಡ್ರು, ಮುಗೀತು ಮಗಾ ಅಂದ್ರು.

ಯಾರಿಗೆ ಅಂದರೆ ಏನು ಅರ್ಥ? ಕಟ್ಟಬೇಕಾದವರಿಗೇ, ನಿಮ್ಮಪ್ಪನಿಗೆ. ಕುಂಬುವಿನ ವೆಲಿಲೆಗೆ. ಉಮ್ಟಾಟಾದಲ್ಲಿ ಕಾಲೇಜು ಓದುವಾಗ ನೀನೇ ಎಷ್ಟು ಸಲ ಹೇಳಿದೀಯ, ನಾನು ಜೊಲಾ ಕುಲದವಳು, ಅಪ್ಪನದು ಕಲ್ಲು ಕಟ್ಟಿದ ಕೊಟ್ಟಿಗೆ, ನೂರು ಕುರಿ ಅಂತ. ಹೆರಿಗೆಗೆ ನೀನು ಮಾವನ ಮನೆಗೆ ಹೋದೆ ಅಂತ ದನವನ್ನೂ ಮಾವನಿಗೆ ಕಟ್ಟೋಕಾಗುತ್ತಾ? ಅದಕ್ಕೇ ಅವತ್ತು ನಿಮ್ಮ ಮಾವ, ಮೊದಲು ತಪ್ಪು ಕಟ್ಟೋ ಅಂತ ಕೋಲು ಎತ್ತಿದಾಗ, ಕಟ್ಟಬೇಕಾದವರಿಗೆ ಕಟ್ಟಿದೀನಿ, ನೀವ್ಯಾರು ಕೇಳೋಕೆ ಅಂದೆ. ಮತ್ತೆ ಆ ಬಾಗಿಲು ತುಳೀಲಿಲ್ಲ. ನನಗೂ ರೋಷ ಇರುತ್ತೆ.

ನಿಮ್ಮಪ್ಪನನ್ನೇ ಕೇಳು. ಇದ್ದಾರಲ್ಲ ಇನ್ನೂ?

ಲುಬಬಾಲೊ


ಕ್ವೀನ್ಸ್‌ಟೌನ್
ಏಪ್ರಿಲ್ 13

ಲುಬಬಾಲೊ,

ಬಾಯಿಮಾತಿಗೆ ಕೋರ್ಟಿನಲ್ಲಿ ಬೆಲೆ ಇಲ್ಲ. ನಿಮ್ಮ ದೊಡ್ಡಪ್ಪ ತೀರಿಹೋಗಿ ಐದು ವರ್ಷ ಆಯ್ತಂತೆ, ಜೊತೆಗೆ ಹೋದ ಇಬ್ಬರೂ ಈಗಿಲ್ಲವಂತೆ, ವಿಚಾರಿಸಿದೆ. ಸಾಕ್ಷಿ ಇಲ್ಲ.

ಕುಂಬುವಿಗೆ ಹೋಗಬೇಡ. ಆ ಮುದುಕನಿಗೆ ತೊಂದರೆ ಕೊಡಬೇಡ. ಸುಮ್ಮನೆ ಸಹಿ ಹಾಕು, ದಮ್ಮಯ್ಯ.

ಫು.


ಕುಂಬು
ಏಪ್ರಿಲ್ 30

ಫುನೇಕಾ,

ನೀನು ಹೋಗಬೇಡ ಅಂದೆ, ಅದಕ್ಕೇ ಬಂದೆ. ಕುರಿತಲೆ ಸುಡೋ ಕಬ್ಬಿಣದ ಜಾಲರಿ ಪಕ್ಕದವನಿಗೆ ಮಾರಿ ಬಸ್ಸು ಹತ್ತಿದೆ.

ಕಲ್ಲಿನ ಕೊಟ್ಟಿಗೆ ಎಲ್ಲಿ ಅಂತ ಊರೆಲ್ಲಾ ಕೇಳಿದೆ, ಜನ ನಕ್ಕರು. ಮುಳ್ಳುಬೇಲಿ. ಅದರಲ್ಲೂ ಅರ್ಧ ಬಿದ್ದುಹೋಗಿದೆ. ನಿಮ್ಮಪ್ಪ ಬಾಗಿಲಲ್ಲಿ ಬಿಸಿಲು ಕಾಯಿಸ್ಕೊಂಡು ಪೈಪು ಸೇದ್ತಾ ಕೂತಿದ್ರು. ನಮಸ್ಕಾರ ಮಾಡಿ, ನಾನು ನಿಮ್ಮ ಮಗಳು ಫುನೇಕಾಳ ಮಗುವಿನ ಅಪ್ಪ ಅಂದೆ. "ಯಾವ ಫುನೇಕಾ?" ಅಂದ್ರು. ಆಮೇಲೆ ತಾವೇ, "ಓ, ಕಾಲಾದವಳಾ! ಕರೀ ಹಸು ಕಳಿಸಿದವನು ನೀನೇ ಏನಪ್ಪಾ? ಬಾ ಬಾ, ಒಳ್ಳೆ ಹಸು. ಆರು ಕರು ಹಾಕ್ತು" ಅಂತ ಮಗ್ಗುಲಲ್ಲಿ ಜಾಗ ಮಾಡಿಕೊಟ್ರು.

"ತಾತಾ, ಆ ದನ ಬಂದಿದ್ದು ಅವರ ಮನೆಯವರಿಗೆ ಹೇಳಿದ್ರಾ?" ಅಂದೆ.

"ಹೇಳೋಕೆ ಅವರು ನನ್ನ ಜೊತೆ ಮಾತಾಡಬೇಕಲ್ಲ! ಅವಳ ತಾಯಿಗೆ ನಾನೇ ತಪ್ಪು ಕಟ್ಟಿಲ್ಲ, ಪದ್ಧತಿ ಪ್ರಕಾರ ಅವಳು ನನ್ನವಳೇ ಅಲ್ಲ. ಆ ತೆಂಬಿಲೆ, ನಾನು ಎದುರಿಗೆ ಸಿಕ್ಕರೆ ಕಾಲು ಮುರೀತೀನಿ ಅಂತ ಮೂವತ್ತು ವರ್ಷದಿಂದ ಹೇಳ್ಕೊಂಡು ಓಡಾಡ್ತಿದಾನೆ."

"ಹಂಗಾದ್ರೆ ದನ ಯಾಕೆ ಒಪ್ಪಿಸ್ಕೊಂಡ್ರಿ?"

"ನೋಡಪ್ಪಾ, ಬೆಳಗ್ಗೆ ಎದ್ದು ಬಾಗಿಲು ತೆಗೆದೆ. ಮೂವರು ಹಿರಿಯರು ಟೋಪಿ ತೆಗೆದು ನಿಂತು, ಜೊಲಾ, ನಿನ್ನ ಮಗಳಿಗೆ ತಪ್ಪು ಮಾಡಿದೀವಿ, ಕ್ಷಮಿಸು ಅಂದ್ರು. ನನ್ನನ್ನ ಯಾರೂ ಜನ್ಮದಲ್ಲಿ ಹಂಗೆ ಕರೆದಿರಲಿಲ್ಲ. ಅಲ್ಲ ಕಣ್ರಯ್ಯಾ, ನಾನು ಅಪ್ಪ ಅಲ್ಲ ಅಂತ ಹೇಳಿ ಕಳಿಸೋಕೆ ನನಗೇನು ಹುಚ್ಚಾ?"

ನನಗೆ ಕೋಪ ಬರಬೇಕಿತ್ತು. ಬಂತು ಕೂಡ, ಬೈದೆ ಕೂಡ. ಮುದುಕ ಎಲ್ಲಾ ಕೇಳಿಸ್ಕೊಂಡು, ಬೈದು ಮುಗೀತಾ, ಮಜ್ಜಿಗೆ ಕುಡೀತೀಯಾ ಅಂದ.

ಫುನೇಕಾ, ನೀನು ಯಾಕೆ ಹೋಗಬೇಡ ಅಂದೆ ಅಂತ ಈಗ ತಿಳೀತು. ನಿಮ್ಮಪ್ಪನನ್ನ ನೀನು ನೋಡಿರೋದೇ ಎರಡು ಸಲವಂತೆ. ನನ್ನ ಹತ್ತಿರ ಯಾಕೆ ಆ ಸುಳ್ಳು ಹೇಳಿದೆ ಮಾರಾಯ್ತಿ? ಅಪ್ಪ ಇಲ್ಲ ಅಂದಿದ್ರೆ ನಾನು ಬಿಟ್ಟು ಹೋಗ್ತಿದ್ನಾ? ಕಾಲಾಕ್ಕೇ ಹೊಡೆಸ್ತಿದ್ದೆ ದನಾನ. ನಿಮ್ಮ ಮಾವ ಕೋಲು ಎತ್ತೋ ಬದಲು ಬಿಯರು ಕೊಡ್ತಿದ್ರು. ನನ್ನ ಮಗಳನ್ನ ನಾನು ಎತ್ತಿ ಆಡಿಸ್ತಿದ್ದೆ.

ಊರಿನ ಮುಖ್ಯಸ್ಥರನ್ನ ಕರೆಸಿ ಒಂದು ಕಾಗದ ಮಾಡಿಸಿದೆ. ಮೂರು ದನ ಯಾವಾಗ ಬಂತು, ಯಾರು ತಂದ್ರು, ಯಾರು ಒಪ್ಪಿಸ್ಕೊಂಡ್ರು, ಎಲ್ಲಾ ಇದೆ. ಮುದುಕನ ಹೆಬ್ಬೆಟ್ಟು, ಮುಖ್ಯಸ್ಥರ ಮೊಹರು ಇದೆ. ಆ ಕಾಗದವನ್ನ ಇದರ ಜೊತೆಗೇ ಇಟ್ಟಿದೀನಿ. ನಕಲು ತೆಗೆಸೋಕೆ ಇಲ್ಲಿ ಮಷೀನಿಲ್ಲ, ಇದ್ರೂ ನಾನು ತೆಗೆಸ್ತಿರಲಿಲ್ಲ. ಕೋರ್ಟಿನಲ್ಲಿ ಪ್ರಮಾಣ ಮಾಡೋಳು ನೀನು. ನಿನ್ನ ಕೈಗೇ ಕೊಡ್ತಿದೀನಿ.

ಲುಬಬಾಲೊ


ಕಾರ್ಲ್ಟನ್‌ವಿಲ್
ಮೇ 11

ಫುನೇಕಾ,

ಕಾಗದ ಬಂತಾ? ಬಂತು ಅಂತ ಒಂದು ಸಾಲು ಸಾಕು.

ಲು.


ಕಾರ್ಲ್ಟನ್‌ವಿಲ್
ಮೇ 18

ಫುನೇಕಾ,

ದಿನಾ ಪೋಸ್ಟಾಫೀಸಿಗೆ ಹೋಗಿ ನಿಲ್ತೀನಿ. ಅಲ್ಲಿನ ಹುಡುಗಿಗೆ ನನ್ನ ಮುಖ ಕಂಡ್ರೆ ಸಾಕು, ಇಲ್ಲ ಅಂತ ದೂರದಿಂದಲೇ ಕೈ ಆಡಿಸ್ತಾಳೆ.

ಮಾರಿದ ಜಾಲರಿಯನ್ನೇ ಪಕ್ಕದವನಿಂದ ಬಾಡಿಗೆಗೆ ತಗೊಂಡಿದೀನಿ. ನಿನ್ನೆ ಕುರಿತಲೆ ಸುಡ್ತಿದ್ದಾಗ ನಿಮ್ಮ ವಕೀಲರ ಕಡೆಯವನೊಬ್ಬ ಬಂದಿದ್ದ. ಟೈ ಕಟ್ಕೊಂಡು, ಹೊಗೆ ತಾಗದ ಹಾಗೆ ಕರವಸ್ತ್ರ ಮೂಗಿಗೆ ಹಿಡ್ಕೊಂಡು. "ಸಹಿ ಹಾಕಿದ್ರೆ ಬಾಕಿ ಸೊನ್ನೆ, ಹಾಕದಿದ್ರೆ ವಾರಂಟು, ಆಮೇಲೆ ಜೈಲು. ನಿಮಗೆ ಅಷ್ಟೂ ಲೆಕ್ಕ ಬರಲ್ವಾ?" ಅಂದ. ಇನ್ನೊಂದು ಫಾರಂ ತಂದು ಮುಂದೆ ಚಾಚಿದ, ಅವನ ಪೆನ್ನು ತಗೊಂಡೆ ಕಣೇ. ನಿನ್ನ ಹತ್ತಿರ ಮುಚ್ಚಿಡಲ್ಲ. ನನ್ನ ಹತ್ತಿರ ಏನಿದೆ ಅವಳಿಗೆ ಕೊಡೋಕೆ? ನಿನ್ನ ಗಂಡ ಸ್ಕೂಲಿನ ಹೆಡ್ಮಾಸ್ಟರು. ಅವರ ಹೆಸರಲ್ಲಿ ಆಸ್ಪತ್ರೆ ಖರ್ಚು ನಡೆಯುತ್ತೆ, ಅವಳಿಗೊಂದು ಕೋಣೆ ಇರುತ್ತೆ. ನನ್ನ ಹೆಸರಲ್ಲಿ ಏನಿದೆ? ಮೊದಲನೇ ಗುರುತಿನ ಮೇಲೆ ಪೆನ್ನು ಇಟ್ಟೆ. ಎಲ್ಲಾ ಬಿಟ್ಟುಬಿಡೋಣ ಅನ್ನಿಸಿತು.

ಆಮೇಲೆ ಆ ಮುದುಕ ನೆನಪಾದ. ಮೂವತ್ತು ವರ್ಷ ಆದ ಮೇಲೆ ಮಗಳ ಹೆಸರು ಹೇಳಿದ್ರೆ ಯಾವ ಫುನೇಕಾ ಅಂದನಲ್ಲ. ನಾನು ಅಂಥ ಮುದುಕ ಆಗಿಬಿಡ್ತೀನಿ ಅಂತ ಹೆದರಿಕೆ ಆಯ್ತು. ಪೆನ್ನು ವಾಪಸು ಕೊಟ್ಟೆ. ಜೈಲಾದ್ರೂ ಸರಿ ಅಂದೆ. ಅವನು ಹೋಗ್ತಾ ಎರಡು ಕುರಿತಲೆ ಕಟ್ಟಿಸ್ಕೊಂಡು ಹೋದ, ಕಾಸು ಮಾತ್ರ ಕೊಟ್ಟ.

ಬಸ್ಸಿಗೆ ಕಾಸಿಲ್ಲ, 26ಕ್ಕೆ ನಾನು ಬರೋಕಾಗಲ್ಲ. ಆ ಕಾಗದ ಸುಟ್ಟು ಹಾಕಿದ್ರೆ ಹಾಕಿದೆ ಅಂತಲಾದ್ರೂ ಬರೆದುಬಿಡು. ಹಿಂಗೆ ಒಳಗೂ ಇಲ್ಲ ಹೊರಗೂ ಇಲ್ಲ ಅಂತ ಇರೋದು ನನ್ನ ಕೈಲಾಗ್ತಿಲ್ಲ.

ಲುಬಬಾಲೊ


ಕ್ವೀನ್ಸ್‌ಟೌನ್
ಮೇ 29

ಲುಬಬಾಲೊ,

ಕಾಗದ ಮೇ 5ಕ್ಕೇ ಬಂತು. ಓದಿದ ಕೂಡಲೇ ಒಲೆಯ ಬಾಯಿಗೆ ಹಿಡಿದಿದ್ದೆ. ತುದಿ ಕಂದುಬಣ್ಣಕ್ಕೆ ತಿರುಗಿದೆ, ಕೋರ್ಟಿನವರೂ ನೋಡಿದ್ರು. ಸುಡೋಕೆ ಆಗಲಿಲ್ಲ. ಹಿಟ್ಟಿನ ಡಬ್ಬದ ಕೆಳಗೆ ಇಟ್ಟೆ. ಮೂರು ವಾರ ದಿನಾ ಆ ಡಬ್ಬ ಎತ್ತಿ, ಅಲ್ಲೇ ಇದೆಯಾ ಅಂತ ನೋಡ್ತಿದ್ದೆ.

ನಿನ್ನ ಮೇಲೆ ಸಿಟ್ಟಿಲ್ಲ. ಆ ಮನುಷ್ಯನ ಮೇಲೆ. ನನಗೆ ಒಂದು ಸ್ವೆಟರು ತಂದುಕೊಟ್ಟವನಲ್ಲ. ಹನ್ನೊಂದು ವರ್ಷದವಳು ನಾನು, ಅಮ್ಮ ಸತ್ತಾಗ ಮಣ್ಣು ಹಾಕೋಕೂ ಬರಲಿಲ್ಲ. ನನ್ನ ಹೆಸರಲ್ಲಿ ಬಂದ ದನದ ಹಾಲು ಹತ್ತು ವರ್ಷ ಕುಡಿದಿದಾನಲ್ಲ! ಆ ಸಿಟ್ಟಿಗೆ ಕೂತು ಅತ್ತುಬಿಟ್ಟೆ. ಅತ್ತ ಮೇಲೆ ಹೊಳೀತು, ದಾರಿ ತೋರಿಸಿದವಳು ನಾನೇ ಅಂತ.

ಕಾಲೇಜಿನಲ್ಲಿ ಎಲ್ಲರೂ ಅಪ್ಪ ಹಿಂಗೆ, ಅಪ್ಪ ಹಂಗೆ ಅಂತಿದ್ರು. ನನಗೂ ಒಬ್ಬ ಬೇಕಿತ್ತು. ಕಲ್ಲಿನ ಕೊಟ್ಟಿಗೆ ಕಟ್ಟಿಸಿದೆ, ನೂರು ಕುರಿ ತಂದು ತುಂಬಿದೆ. ನೀನು ಮಾಜೊಲಾ ಅಂತ ಕರೆದಾಗ ಎಷ್ಟು ಖುಷಿ ಆಗ್ತಿತ್ತು ಗೊತ್ತಾ? ಅದಕ್ಕೇ ನಿಜ ಹೇಳೋಕೆ ಬಾಯಿ ಬರಲಿಲ್ಲ. ಆಮೇಲೆ ಹೊಟ್ಟೆ ಕಾಣಿಸ್ತು, ಮಾವ ಬಂದು ಕರ್ಕೊಂಡು ಹೋದ್ರು. ನೀನು ಬರ್ತೀಯ, ಹಿರಿಯರನ್ನ ಕಳಿಸ್ತೀಯ ಅಂತ ದಿನಾ ರಸ್ತೆ ನೋಡ್ತಿದ್ದೆ. ಬರಲಿಲ್ಲ. ಓಡಿಹೋದ ಅಂದುಕೊಂಡೆ. ಯಾಕೆ ಕಳಿಸಲಿಲ್ಲ ಅಂತ ಒಂದು ಮಾತು ಕೇಳಿದ್ರೆ ಮುಗೀತಿತ್ತು. ಬೇಡಿ ಕೇಳೋದು ನನಗೆ ಆಗಲಿಲ್ಲ.

ಇನ್ನೊಂದು ವಿಷಯ ನಿನಗೆ ಹೇಳಿರಲಿಲ್ಲ. ನಾನು ಈಗ ಬಸುರಿ, ಏಳನೇ ತಿಂಗಳು. ಒಂದೇ ಮನೆಯ ಇಬ್ಬರು ಮಕ್ಕಳಿಗೆ ಎರಡು ಹೆಸರು ಬೇಡ ಅನ್ನೋದಕ್ಕೇ ಮೊನ್ವಾಬಿಸಿ ಅವಸರ ಮಾಡಿದ್ದು. ಅವರು ಕೆಟ್ಟವರಲ್ಲ. ಅಸಾಂಡಾಳ ಜಡೆ ಹೆಣೆಯೋಕೂ ಕಲಿತಿದಾರೆ.

26ರ ದಿನ ಮಾವ ತೆಂಬಿಲೆ ಸೂಟು ಹಾಕ್ಕೊಂಡು ಹಿಂದಿನ ಬೆಂಚಿನಲ್ಲಿ ಕೂತಿದ್ರು. ನನ್ನ ಪಕ್ಕ ಮೊನ್ವಾಬಿಸಿ. ಮ್ಯಾಜಿಸ್ಟ್ರೇಟರು ನನ್ನಷ್ಟೇ ವಯಸ್ಸಿನ ಹೆಂಗಸು. ನನ್ನ ಅಫಿಡವಿಟ್ಟು ಓದಿ, "ತಾಯಿ, ಇದರಲ್ಲಿ ಬರೆದಿರೋದೆಲ್ಲಾ ನಿಜ ತಾನೇ?" ಅಂದ್ರು. ಎಲ್ಲರಿಗೂ ಕೇಳೋ ಮಾಮೂಲಿ ಪ್ರಶ್ನೆ. ಹೌದು ಅಂದಿದ್ರೆ ಐದು ನಿಮಿಷದ ಕೆಲಸ.

"ಅಲ್ಲ" ಅಂದೆ. "ಅವನು ದನ ಕಟ್ಟಿದಾನೆ. ನನ್ನನ್ನ ಸಾಕದೆ ಹೋದವನಿಗೆ ಕಟ್ಟಿದಾನೆ, ಯಾಕಂದ್ರೆ ಅವನೇ ನನ್ನ ಸಾಕಿದ ಅಪ್ಪ ಅಂತ ನಾನು ಸುಳ್ಳು ಹೇಳಿದ್ದೆ." ಕಾಗದ ತೆಗೆದುಕೊಟ್ಟೆ.

ಅಷ್ಟರಲ್ಲಿ ಹಿಂದಿನಿಂದ ಮಾವ ಎದ್ದು ನಿಂತು, "ನನ್ನ ದನ ಆ ನಾಯಿ ತಿಂದನಾ!" ಅಂತ ಕೂಗಿದ್ರು ನೋಡು, ಪೊಲೀಸಿನವನು ತೋಳು ಹಿಡಿದು ಕೂರಿಸಬೇಕಾಯ್ತು. ನಮ್ಮ ವಕೀಲರು, ತಪ್ಪು ಮನೆಗೆ ಕಟ್ಟಿದ್ದು ಕಟ್ಟಿದ ಹಾಗಲ್ಲ ಅಂತ ವಾದ ಮಾಡಿದ್ರು. ಆ ಹೆಂಗಸು ಕನ್ನಡಕ ತೆಗೆದು, "ಯಾರ ಕೊಟ್ಟಿಗೆ ಅನ್ನೋದು ನಿಮ್ಮ ಮನೆಗಳ ಜಗಳ. ಕಟ್ಟೋ ಮನಸ್ಸಿತ್ತು, ಕಟ್ಟಿದಾನೆ. ಅವನ ಸಹಿ ಇಲ್ಲದೆ ಈ ದತ್ತು ಆಗಲ್ಲ" ಅಂದ್ರು.

ಕಾರಲ್ಲಿ ಮೊನ್ವಾಬಿಸಿ ಒಂದೇ ಮಾತು ಆಡಿದ್ದು. "ನನ್ನ ಹತ್ತಿರಾನೂ ಆ ಕಲ್ಲಿನ ಕೊಟ್ಟಿಗೆ ಕಥೆ ಹೇಳಿದ್ಯಲ್ಲ" ಅಂದ್ರು. ಅವತ್ತೇ ಅವರ ತಾಯಿ ಮನೆಗೆ ಹೋದ್ರು. ಇನ್ನೂ ಬಂದಿಲ್ಲ. ಬರ್ತಾರೆ ಅಂದುಕೊಂಡಿದೀನಿ.

ಒಂದು ಮಾತು ಕೇಳ್ಕೋ. ನೀನು ಗೆದ್ದೆ ಅಂತ ಬೀಗಬೇಡ. ನೀನು ಅಪ್ಪ ಅಂತ ಆದ ಮೇಲೆ ಬಾಕಿಯೂ ನಿನ್ನದೇ. ಬಿಟ್ಟುಬಿಡಲಾ ಅಂತ ಮ್ಯಾಜಿಸ್ಟ್ರೇಟರು ನನ್ನನ್ನ ಕೇಳಿದ್ರು. ಬೇಡ ಅಂದೆ. ಜುಲೈ 4ಕ್ಕೆ ಜೀವನಾಂಶದ ವಿಚಾರಣೆ. ನೀನು ಇಲ್ಲಿಗೆ ಬರಲೇಬೇಕು. ಬಸ್ಸಿನ ಕಾಸು ಇದರಲ್ಲಿ ಇಟ್ಟಿದೀನಿ, ಅದನ್ನ ಸಾಲ ಅಂತ ತಿಳ್ಕೋ. ನನಗೆ ಓಡಾಡೋಕೆ ಆಗಲ್ಲ, ನಾನು ಬರಲ್ಲ. ಅಸಾಂಡಾಗೆ ಎಲ್ಲಾ ಹೇಳಿದೀನಿ. "ನನ್ನನ್ನ ಯಾಕೆ ಯಾರೂ ಕೇಳಲಿಲ್ಲ?" ಅಂತ ಎರಡು ದಿನ ಮುಖ ಊದಿಸ್ಕೊಂಡಿದ್ಲು.

ಫುನೇಕಾ


ಕ್ವೀನ್ಸ್‌ಟೌನ್ ಬಸ್ ಸ್ಟ್ಯಾಂಡು
ಜುಲೈ 4

ಫುನೇಕಾ,

ಬಸ್ಸಿಗೆ ಇನ್ನೂ ಎರಡು ಗಂಟೆ ಇದೆ, ಅದಕ್ಕೆ ಇಲ್ಲೇ ಕೂತು ಬರೀತಿದೀನಿ. ಕಾಗದ ಮಂಡಿ ಮೇಲೆ ಇಟ್ಕೊಂಡಿದೀನಿ, ಅಕ್ಷರ ಹಿಂದೆ ಮುಂದೆ ಆದ್ರೆ ಬೈಕೋಬೇಡ.

ಜೀವನಾಂಶ ಕೋರ್ಟಿನ ಕ್ಯೂ ಬೀದಿ ತನಕ ಇತ್ತು. ಎಲ್ಲಾ ನನ್ನಂಥ ಗಂಡಸರೇ. ಗೋಡೆಗೆ ಮುಖ ಮಾಡಿ, ಟೋಪಿ ಕಣ್ಣಿನ ತನಕ ಎಳ್ಕೊಂಡು ನಿಂತಿದ್ರು. ಮೂರು ವರ್ಷದ ಬಾಕಿ ಹಾಗೇ ಉಳೀತು. ತಿಂಗಳಿಗೆ ಇಷ್ಟು ಅಂತ ಹೊಸದಾಗಿ ಬರೆದ್ರು, ಕುರಿತಲೆ ಮಾರೋನ ಕೈಗೆ ಎಟುಕೋವಷ್ಟು. ಒಂದು ತಿಂಗಳು ತಪ್ಪಿದ್ರೂ ಜೈಲು ಅಂತ ಓದಿ ಹೇಳಿದ್ರು. ಸರಿ ಅಂದೆ. ಪ್ರತಿ ತಿಂಗಳ ಮೊದಲ ಶನಿವಾರ ಅವಳನ್ನ ನೋಡಬಹುದು ಅಂತಲೂ ಬರೆದ್ರು.

ಆಮೇಲೆ ಕಿಟಕಿಯ ಹತ್ತಿರ ಕಳಿಸಿದ್ರು, ಒಬ್ಬ ಗುಮಾಸ್ತೆ ಪುಸ್ತಕಕ್ಕೆ ಏರಿಸ್ತಾಳೆ. ಮುಖ ಎತ್ತದೆ ಕೇಳ್ತಾ ಹೋದಳು. ನಿಮ್ಮ ಹೆಸರು? ಹೇಳಿದೆ. ಮಗುವಿನ ಹೆಸರು? ಅಸಾಂಡಾ ಅಂದೆ.

"ಮಗುವಿಗೆ ನೀವು ಏನಾಗಬೇಕು?"

"ಅಪ್ಪ" ಅಂದೆ. ಬರ್ಕೊಂಡಳು, ಸೀಲು ಹೊಡೆದಳು, ಮುಂದಿನವರು ಅಂದಳು. ನಾನು ಕದಲಲಿಲ್ಲ. "ಅಮ್ಮಾ, ಏನು ಬರೆದಿದೀರ, ಒಂದು ಸಲ ಓದಿ ಹೇಳಿ" ಅಂದೆ. ಅವಳು ತಲೆ ಎತ್ತಿ ನನ್ನ ಮುಖ ನೋಡಿ, ಓದಿದಳು. ಹಿಂದೆ ನಿಂತವರು, ಏನ್ರೀ ಸ್ವಾಮಿ, ಹೊತ್ತಾಯ್ತು ಅಂತ ಬೈಯೋಕೆ ಶುರು ಮಾಡಿದ್ರು. ಬೈದ್ರೆ ಬೈಕೊಳ್ಳಲಿ, ಗದ್ದಲದಲ್ಲಿ ಸರಿಯಾಗಿ ಕೇಳಿಸಲಿಲ್ಲ ಅಂತ ಹೇಳಿ ಅವಳ ಕೈಲಿ ಇನ್ನೊಂದು ಸಲ ಓದಿಸಿದೆ.

ಲುಬಬಾಲೊ